ಕೊನೆಯ ಲಾಂಚ್ ಎಷ್ಟು ಗಂಟೆಗೆ?

ನಾವು ಮೂವರು ಗೆಳತಿಯರು ಮಾಲ್ಡೀವ್ಸ್‌ಗೆ ಹೋಗಿಬರುವ ಲೆಕ್ಕಾಚಾರಕ್ಕೆ ಕೂತದ್ದು ಒಂದು ಭಾನುವಾರ ಮಧ್ಯಾಹ್ನ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಬೆಂಗಳೂರು ಮುಟ್ಟಲು ಬಸ್ಸಿನಲ್ಲಿ ಒಂದು ಇಡೀ ರಾತ್ರಿ ಬೇಕು. ಅಂದರೆ ಬೆಂಗಳೂರಿನಲ್ಲಿ ಕೂತವರಿಗೆ ನನ್ನ ಊರಿಗಿಂತ ಆ ಪರದೇಶವೇ ಹತ್ತಿರ. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ 30 ದಿನದ ವೀಸಾವನ್ನು ದುಡ್ಡು ತೆಗೆದುಕೊಳ್ಳದೆ ಕೊಡುತ್ತಾರೆ. ನಮ್ಮದೇ ಲಕ್ಷದ್ವೀಪಕ್ಕೆ ಹೋಗಬೇಕೆಂದರೆ ಮೊದಲೇ ಪ್ರವೇಶದ ಪರವಾನಗಿ ಮಾಡಿಸಬೇಕು. ಮಾಲ್ಡೀವ್ಸ್‌ಗೆ ಹೊರಡುವ ಮುನ್ನ ಆನ್‌ಲೈನಿನಲ್ಲಿ ಒಂದು ಘೋಷಣೆ ತುಂಬಿದರೆ ಆಯಿತು. ಮೂರು ರಾತ್ರಿ, ನಾಲ್ಕು ದಿನ. ಪಿಎಚ್‌ಡಿ ಮಾಡುವವಳ ಉಳಿತಾಯದಲ್ಲಿ, ಸ್ವಲ್ಪ ಬಿಗಿಹಿಡಿದರೆ, ಆಗದ ಮಾತೇನಲ್ಲ.

ಕಷ್ಟ ಶುರುವಾದದ್ದು ಯಾವ ದ್ವೀಪ ಎಂಬಲ್ಲಿ. ಒಬ್ಬಳು, “ಯಾರೂ ಇಲ್ಲದ ದ್ವೀಪ ಬೇಕು ಕಣೇ, ನಾವು ಮತ್ತೆ ಸಮುದ್ರ, ಅಷ್ಟೇ” ಅಂದಳು. ಇನ್ನೊಬ್ಬಳು, “ಎಲ್ಲಾದ್ರೂ ಸರಿ, ಮುಳುಗೋ ಮೊದಲು ನೋಡ್ಬಿಡೋಣ” ಅಂದಳು. ಇಬ್ಬರೂ ಒಳ್ಳೆಯ ಹುಡುಗಿಯರು. ನಾನೂ ನಕ್ಕೆ. ಆಮೇಲೆ ರಾತ್ರಿ ಆ ಎರಡು ಮಾತೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡವು. ಯಾಕೆಂದರೆ ಅವೆರಡನ್ನೂ ನಾನು ಮೊದಲೇ ಕೇಳಿದ್ದೆ, ಬೇರೆಯವರ ಬಾಯಲ್ಲಿ, ನಮ್ಮ ಬಗ್ಗೆ.

ನಮ್ಮ ಬಗ್ಗೆ ಅಂದರೆ, ಅಮ್ಮನ ತವರಿನ ಬಗ್ಗೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಹೊಸನಗರ ತಾಲ್ಲೂಕು ಹಾದು ಸಾಗರಕ್ಕೆ ಬರುತ್ತದೆ, ಜೋಗದಲ್ಲಿ ಬಿದ್ದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ನಮ್ಮ ಕುಟುಂಬದ ಚರಿತ್ರೆಯೂ ಅದೇ ದಾರಿಯದು, ಆದರೆ ಹಿಮ್ಮುಖವಾಗಿ. ಅಜ್ಜನ ಮನೆ ಇದ್ದದ್ದು ಸಾಗರದ ಕಡೆಯ ಕಣಿವೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ಮನೆ ಎಲ್ಲ ಒಳಗೆ ಹೋಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಎದ್ದವು. ಕೆಲವರಿಗೆ ಎಲ್ಲೆಲ್ಲೋ ಕಾಡಿನ ಅಂಚಿನಲ್ಲಿ ಜಾಗ ತೋರಿಸಿದರು. ಅರವತ್ತು ವರ್ಷ ಕಳೆದರೂ ಅದರ ಹಕ್ಕುಪತ್ರದ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಅಜ್ಜ ಮಾತ್ರ ದೂರ ಹೋಗಲಿಲ್ಲ. ನೀರು ಎಲ್ಲಿ ನಿಂತಿತೋ ಅದರ ಮೇಲಿನ ದಿಬ್ಬಕ್ಕೆ ಹತ್ತಿ, ತುಮರಿ ಸೀಮೆಯಲ್ಲಿ, ಇನ್ನೊಂದು ಮನೆ ಕಟ್ಟಿದರು. ಅಮ್ಮ ಹುಟ್ಟಿದ್ದು ಆಮೇಲೆ, ಆ ಮನೆಯಲ್ಲಿ. ಮದುವೆಯಾಗಿ ಹೊಳೆಯ ಮೇಲ್ಗಡೆಗೆ, ತೀರ್ಥಹಳ್ಳಿಗೆ ಬಂದಳು. ದೊಡ್ಡಮ್ಮ ಅಲ್ಲೇ ಉಳಿದಳು.

ಉಳಿದವರು ದ್ವೀಪದವರಾದರು. ಭೂಪಟದಲ್ಲಿ ಅದು ಪೂರಾ ದ್ವೀಪವಲ್ಲ. ಕಾಡಿನ ಕಡೆಯಿಂದ ಸುತ್ತು ಬಳಸಿ ಬರುವ ದಾರಿ ಇತ್ತು. ಆದರೆ ಸಾಗರದ ಪೇಟೆ, ಆಸ್ಪತ್ರೆ, ಕಾಲೇಜು, ತಾಲ್ಲೂಕು ಕಚೇರಿ ಎಲ್ಲವೂ ನೀರಿನ ಆಚೆ. ನಡುವೆ ಅಂಬಾರಗೋಡ್ಲು–ಕಳಸವಳ್ಳಿಯ ಲಾಂಚ್. ಬೇಸಿಗೆ ರಜೆಗೆ ನಾವು ತೀರ್ಥಹಳ್ಳಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಹೊಸನಗರ ಹಾದು, ಸಾಗರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ದಡ ಮುಟ್ಟುತ್ತಿದ್ದೆವು. ಇಡೀ ದಾರಿ ಅಮ್ಮ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕೊನೆಯ ಲಾಂಚ್ ಎಷ್ಟು ಗಂಟೆಗೆ? ಕಂಡಕ್ಟರನ್ನು ಕೇಳುವಳು, ಪಕ್ಕ ಕೂತವರನ್ನು ಕೇಳುವಳು, ಉತ್ತರ ಗೊತ್ತಿದ್ದೂ ಕೇಳುವಳು. ಅದು ತಪ್ಪಿದರೆ ರಾತ್ರಿ ಈಚೆ ದಡದಲ್ಲೇ.

ದೊಡ್ಡಪ್ಪನಿಗೆ ಎದೆನೋವು ಬಂದ ರಾತ್ರಿ ಕೊನೆಯ ಲಾಂಚ್ ಹೋಗಿಯಾಗಿತ್ತು. ಜೀಪಿನಲ್ಲಿ ಸುತ್ತು ದಾರಿ ಹಿಡಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಲಾಂಚ್ ಇದ್ದಿದ್ದರೆ ಉಳಿಯುತ್ತಿದ್ದರೇ ಎಂದು ಯಾರೂ ಹೇಳಲಾರರು. ಆದರೆ ಆ ಮನೆಯಲ್ಲಿ ಆ ಪ್ರಶ್ನೆ ಇವತ್ತಿಗೂ ಎದ್ದು ಕೂರುತ್ತದೆ.

ಅದೇ ಲಾಂಚಿನ ಮೇಲೆ ಶನಿವಾರ, ಭಾನುವಾರ ಸಿಗಂದೂರಿಗೆ ಹೋಗುವ ಕಾರುಗಳ ಸಾಲು. ಭಕ್ತರು ಇರುತ್ತಿದ್ದರು, ಅವರಿಗೆ ದೇವಿಯ ಅವಸರ. ಭಕ್ತರಲ್ಲದವರೂ ಇರುತ್ತಿದ್ದರು, ಅವರಿಗೆ ನೀರಿನದು. ಸೂರ್ಯ ಮುಳುಗುವಾಗ ಲಾಂಚಿನ ಕಟಕಟೆಗೆ ಒರಗಿ ಫೋಟೋ ತೆಗೆಸಿಕೊಳ್ಳುವವರ ಹಿಂದೆ ಹಾಲಿನ ಕ್ಯಾನು, ಪಡಿತರದ ಚೀಲ, ಕಾಲೇಜಿನ ಹುಡುಗರು. ಜನ ಜಾಸ್ತಿಯಾದರೆ ಊರಿನವರು ಮುಂದಿನ ಸರದಿಗೆ ಕಾಯಬೇಕು. ಅಣ್ಣ, ಅಂದರೆ ದೊಡ್ಡಮ್ಮನ ಮಗ, ದಡದಲ್ಲಿ ಚಹಾ, ಸೋಡಾ, ಮಂಡಕ್ಕಿಯ ಒಂದು ಗೂಡಂಗಡಿ ಇಟ್ಟುಕೊಂಡಿದ್ದ. ಕಾಯುವವರು ಇದ್ದರೆ ಅವನಿಗೆ ವ್ಯಾಪಾರ.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ. ಆ ವಾರ ನಾನು ಫೋನಿನಲ್ಲಿ ನೋಡಿದ ರೀಲುಗಳಲ್ಲಿ ಅರ್ಧದಷ್ಟು ಸಂಭ್ರಮದವು, ಇನ್ನರ್ಧ ಶೋಕಗೀತೆಗಳು. “ಲಾಂಚ್ ಇದ್ದಾಗಿನ ಮಜಾ ಇನ್ನಿಲ್ಲ.” “ಮಲೆನಾಡಿನ ಮಾಲ್ಡೀವ್ಸ್‌ಗೆ ವಿದಾಯ.” ಒಬ್ಬಾತ ಬರೆದಿದ್ದ: ಸೇತುವೆ ಬಂದು ಆ ದ್ವೀಪದ ನಿಶ್ಶಬ್ದವೇ ಹೋಯಿತು. ನನಗೆ ಉರಿದುಹೋಯಿತು. ಆ ನಿಶ್ಶಬ್ದ ಏನೆಂದು ಇವನಿಗೆ ಗೊತ್ತೇ? ರಾತ್ರಿ ಹತ್ತಕ್ಕೆ ಎದೆ ಹಿಡಿದುಕೊಂಡು ಕೂತವರ ಮನೆಯ ನಿಶ್ಶಬ್ದ ಅದು. ಅಂಗಡಿ ಹೋದ ಅಣ್ಣನೇ ಹಾಗೆ ಅಳುತ್ತಿರಲಿಲ್ಲ. “ವ್ಯಾಪಾರ ಹೋತು ಮಾರಾಯ್ತಿ, ಕಾರಿನೋರು ಯಾರೂ ನಿಲ್ಸದಿಲ್ಲ. ಆದ್ರೆ ಹನ್ನೊಂದು ಗಂಟೆಗೂ ಸಾಗರಕ್ಕೆ ಹೋಗ್ಬೋದಲ್ಲ” ಅಂದ. ನಷ್ಟವನ್ನೂ ಲಾಭವನ್ನೂ ಒಂದೇ ಉಸಿರಿನಲ್ಲಿ ಹೇಳುವ ಹಕ್ಕು ಅವನಿಗಿದೆ. ರೀಲಿನವನಿಗೆ ಇಲ್ಲ ಎಂದು ನನಗೆ ಆಗ ಖಚಿತವಾಗಿತ್ತು.

ಅದಾಗಿ ಕೆಲವೇ ತಿಂಗಳಿಗೆ ನಾನು ‘ಯಾರೂ ಇಲ್ಲದ ದ್ವೀಪ’ ಹುಡುಕುತ್ತ ಕೂತಿದ್ದೆ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಪ್ರವಾಸ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಆ ಚರ್ಚೆ ಬೇಗ ಬೋಧನೆಯಾಗುತ್ತದೆ. ಇಂಗಾಲದ ಲೆಕ್ಕವನ್ನೇ ತೆಗೆದುಕೊಳ್ಳಿ: ಬೆಂಗಳೂರಿನಿಂದ ಮಾಲೆಗೆ ಹೋಗಿಬರಲು ತಲೆಗೆ ಇನ್ನೂರು ಕಿಲೋ ಆಸುಪಾಸು ಇಂಗಾಲದ ಡೈಆಕ್ಸೈಡ್. ಭಾರತದಲ್ಲಿ ಒಬ್ಬರ ವರ್ಷದ ಸರಾಸರಿ ಎರಡು ಟನ್ನಿನ ಹತ್ತಿರ. ಹಾಗಾಗಿ ನಾಲ್ಕು ದಿನದ ಮಜಕ್ಕೆ ವರ್ಷದ ಹತ್ತನೇ ಒಂದು ಪಾಲು. ಸಣ್ಣದಲ್ಲ, ಹಾಗೆಂದು ನಾನು ಹೋಗದಿದ್ದರೆ ವಿಮಾನ ನಿಲ್ಲುವುದೂ ಇಲ್ಲ. ಈ ಲೆಕ್ಕ ಮಾಡಿ ನಾನು ಒಂದು ಗಂಟೆ ಕಳೆದೆ, ಏನೂ ತೀರ್ಮಾನವಾಗಲಿಲ್ಲ. ನನ್ನ ಪ್ರಶ್ನೆ ಇನ್ನೂ ಸಣ್ಣದು, ಬಿಡಿಸಲು ಇನ್ನೂ ಕಷ್ಟದ್ದು: ಬೇರೆಯವರ ಊರಿಗೆ ಅದರ ಚೆಂದಕ್ಕಾಗಿ ಹೋಗುವವರು ಆ ಊರಿನಿಂದ ಏನನ್ನು ಬಯಸಬಹುದು? ಅದು ಹೀಗೇ ಇರಲಿ ಎಂದು ಬಯಸಬಹುದೇ?

ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಮಾತಿದೆ. ಭೂಮಿ ಗುಂಡಗಿದೆ, ಮನುಷ್ಯರು ಅದರ ಮೇಲೆ ಕೊನೆಯಿಲ್ಲದಷ್ಟು ದೂರ ಚದುರಿಹೋಗಲಾರರು, ಒಬ್ಬರನ್ನೊಬ್ಬರು ಸಹಿಸಲೇಬೇಕು. ಆದ್ದರಿಂದ ಬಂದವನನ್ನು ಶತ್ರುವಿನಂತೆ ಕಾಣಬಾರದು ಎನ್ನುತ್ತಾನೆ. ಆದರೆ ಅವನು ಒಪ್ಪುವುದು ಭೇಟಿಯ ಹಕ್ಕನ್ನು ಮಾತ್ರ, ಅತಿಥಿಯಾಗಿ ಮನೆಯೊಳಗೆ ಕೂರುವ ಹಕ್ಕನ್ನಲ್ಲ. ಭೇಟಿಗೆ ಹೋಗುವುದೂ ಗೆಲ್ಲುವುದೂ ಒಂದೇ ಎಂದುಕೊಂಡ ಐರೋಪ್ಯರನ್ನು ಅಲ್ಲೇ ಬೈಯುತ್ತಾನೆ. ತನ್ನ ಕೋನಿಗ್ಸ್‌ಬರ್ಗಿನ ಸೀಮೆ ಬಿಟ್ಟು ಹೋಗದೆ ಆಯುಷ್ಯ ಕಳೆದವನು ಪ್ರವಾಸಿಯ ಹಕ್ಕಿನ ಬಗ್ಗೆ ಬರೆದ ಎಂಬುದು ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ. ಆದರೆ ಅವನ ಕಾಲದ ಭೇಟಿಗಾರ ನೆಲ ಕೇಳುತ್ತಿದ್ದ, ವ್ಯಾಪಾರ ಕೇಳುತ್ತಿದ್ದ. ಇವತ್ತಿನವನು ಕೇಳುವುದು ನೋಟವನ್ನು. ಅದನ್ನು ಕೇಳಿದ್ದಕ್ಕೆ ಏನು ಬೆಲೆ ಎಂಬುದು ಕಾಂಟನ ಪುಸ್ತಕದಲ್ಲಿ ಸಿಗುವುದಿಲ್ಲ.

ಅದಕ್ಕಿಂತ ನನಗೆ ಹೆಚ್ಚು ಕೆಲಸಕ್ಕೆ ಬಂದವನು ಇಬ್ನ್ ಬತೂತ. ನಮ್ಮ ಶರಾವತಿ ಕಡಲು ಸೇರುವ ಹೊನ್ನಾವರಕ್ಕೂ ಅವನು ಬಂದಿದ್ದ, 1340ರ ದಶಕದಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಮೆಚ್ಚಿ ಬರೆದ. ಅದೇ ದಶಕದಲ್ಲಿ ಮಾಲ್ಡೀವ್ಸ್‌ಗೂ ಹೋದ. ಅವರು ಅವನನ್ನು ಖಾಜಿ ಮಾಡಿ ಕೂರಿಸಿಕೊಂಡರು. ಕೂತವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಸೊಂಟದ ಮೇಲೆ ಬಟ್ಟೆ ಹಾಕದ ಅಲ್ಲಿನ ಹೆಂಗಸರನ್ನು ತಿದ್ದಲು ಹೊರಟಿದ್ದು. ಅದು ನನ್ನಿಂದ ಆಗಲಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಹಡಗಿನಲ್ಲಿ ಬಂದವರು ಅಲ್ಲಿ ಸುಲಭವಾಗಿ ಮದುವೆಯಾಗಿ, ಹಡಗು ಹೊರಡುವಾಗ ಬಿಟ್ಟುಹೋಗುತ್ತಾರೆ ಎಂದೂ ಬರೆಯುತ್ತಾನೆ. ತಾನೂ ಒಂದಕ್ಕಿಂತ ಹೆಚ್ಚು ಮದುವೆಯಾದ. ಹೋದಲ್ಲಿ ಒಂದು ಕೈಯಲ್ಲಿ ಊರನ್ನು ಅನುಭವಿಸುವುದು, ಇನ್ನೊಂದು ಕೈಯಲ್ಲಿ ಊರು ಹೇಗಿರಬೇಕೆಂದು ಹೇಳುವುದು. ಅವನಿಗೆ ದ್ವೀಪದ ಹೆಂಗಸರು ಮೈಮುಚ್ಚಿಕೊಳ್ಳಬೇಕಿತ್ತು. ಈಗ ಅದೇ ದೇಶದಲ್ಲಿ ಜನ ವಾಸಿಸುವ ದ್ವೀಪಗಳಿಗೆ ಹೋದ ನಾವು ಮೈಮುಚ್ಚಿಕೊಂಡು ಓಡಾಡಬೇಕು, ಈಜುಡುಗೆಗೆ ಬೇರೆಯೇ ಕಡಲತೀರ ಗುರುತು ಮಾಡಿರುತ್ತಾರೆ. ಏಳು ಶತಮಾನದಲ್ಲಿ ತಿದ್ದುವವರ ದಿಕ್ಕು ಬದಲಾಗಿದೆ ಎಂದು ಹೇಳಿ ನಾನು ಗೆಳತಿಯರನ್ನು ನಗಿಸಿದೆ. ಒಬ್ಬಳು ನಗಲಿಲ್ಲ. “ಅದಕ್ಕೇ ರೆಸಾರ್ಟ್ ಬೇಕು ಅಂದಿದ್ದು” ಅಂದಳು.

ರೆಸಾರ್ಟಿನ ಅರ್ಥ ನನಗೆ ಸ್ಪಷ್ಟವಾದದ್ದು ಆಗ. ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳು, ಜನ ಇರುವುದು ಇನ್ನೂರರ ಒಳಗೆ. ಬಹಳ ಕಾಲ ಅಲ್ಲಿನ ಪ್ರವಾಸೋದ್ಯಮದ ಸೂತ್ರ ಸರಳವಾಗಿತ್ತು: ಜನ ಇಲ್ಲದ ಒಂದೊಂದು ದ್ವೀಪಕ್ಕೆ ಒಂದೊಂದು ರೆಸಾರ್ಟ್. ಪ್ರವಾಸಿಗೆ ಊರು ಕಾಣುವುದಿಲ್ಲ, ಊರಿಗೆ ಪ್ರವಾಸಿ ಕಾಣುವುದಿಲ್ಲ. ಜನವಸತಿಯ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ನಡೆಸಲು ಸಾಮಾನ್ಯರಿಗೆ ದಾರಿ ಸಿಕ್ಕಿದ್ದು 2009ರ ಆಸುಪಾಸಿನಲ್ಲಿ. ಇದರಲ್ಲಿ ಒಂದು ವಿವೇಕವೂ ಇರಬಹುದು, ಊರಿನ ನೆಮ್ಮದಿ ಊರಿಗೆ ಉಳಿಯುತ್ತದೆ. ಆದರೆ ಯಾರೂ ಇಲ್ಲದ ದ್ವೀಪದಲ್ಲಿ ನಿಜಕ್ಕೂ ಯಾರೂ ಇಲ್ಲದೆ ಇರುತ್ತಾರೆಯೇ? ಹಾಸಿಗೆ ಮಡಿಸುವವರು, ಅಡುಗೆಯವರು, ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ನೋಡಿಕೊಳ್ಳುವವರು ಇರುತ್ತಾರೆ. ಅವರು ಯಾರ ಲೆಕ್ಕದಲ್ಲೂ ಇಲ್ಲದವರು. ಹಾಗೆ ನೋಡಿದರೆ ಹೊನ್ನೆಮರಡಿನಲ್ಲಿ ಹಿನ್ನೀರಿನ ನಡುಗಡ್ಡೆಯ ಮೇಲೆ ಡೇರೆ ಹಾಕಿ ರಾತ್ರಿ ಕಳೆಯುವವರಿಗೂ ಅದು ಯಾರೂ ಇಲ್ಲದ ದ್ವೀಪವೇ. ದೊಡ್ಡಮ್ಮನಿಗೆ ಅಂಥ ನಡುಗಡ್ಡೆಗಳು ಗುಡ್ಡದ ನೆತ್ತಿಗಳು. ಯಾವ ನೆತ್ತಿಯ ಬುಡದಲ್ಲಿ ಯಾರ ಮನೆ ಇತ್ತು ಎಂದು ಆಕೆ ದಡದಲ್ಲಿ ನಿಂತು ಬೆರಳು ಮಾಡಿ ಹೇಳಬಲ್ಲಳು. ವಿಚಿತ್ರವೆಂದರೆ ಮಾಲ್ಡೀವ್ಸ್‌ನ ಹವಳದ ಉಂಗುರಗಳೂ ಮುಳುಗಿದ ಬೆಟ್ಟಗಳ ಗುರುತುಗಳೇ. ಕುಸಿಯುತ್ತ ಹೋದ ಜ್ವಾಲಾಮುಖಿಯ ಅಂಚಿನಲ್ಲಿ ಹವಳ ಮೇಲಕ್ಕೆ ಬೆಳೆಯುತ್ತ ಇಂಥ ಉಂಗುರಗಳಾಗುತ್ತವೆ ಎಂದು ಡಾರ್ವಿನ್ 1842ರಲ್ಲೇ ವಿವರಿಸಿದ್ದ.

ಇನ್ನು ಎರಡನೆಯ ಮಾತು: ಮುಳುಗುವ ಮೊದಲು ನೋಡಿಬಿಡೋಣ. ಆ ದೇಶದ ಶೇಕಡಾ 80ರಷ್ಟು ನೆಲ ಕಡಲಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. 2009ರ ಅಕ್ಟೋಬರಿನಲ್ಲಿ ಆಗಿನ ಅಧ್ಯಕ್ಷ ಮೊಹಮದ್ ನಶೀದ್ ತಮ್ಮ ಸಂಪುಟದ ಸಭೆಯನ್ನು ನೀರಿನಡಿಯಲ್ಲಿ ನಡೆಸಿದರು. ಮಂತ್ರಿಗಳು ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಹಿ ಹಾಕಿದ ಫೋಟೋ ಲೋಕವೆಲ್ಲ ಸುತ್ತಿತು. ನಮ್ಮ ಕೈಬಿಡಬೇಡಿ ಎಂದು ಕೂಗಿದ್ದು ಅದು. ನಮ್ಮ ಕಿವಿಗೆ ಬಿದ್ದದ್ದು ಬೇಗ ಬನ್ನಿ ಎಂದು.

ಈ ಮಾತನ್ನು ದೊಡ್ಡಮ್ಮನಿಗೆ ಹೇಳಿದ್ದು ಅಡಿಕೆ ಸುಲಿಯುವ ಹೊತ್ತಿನಲ್ಲಿ, ಅವಳ ಮನೆಯ ಜಗಲಿಯಲ್ಲಿ. ಸೇತುವೆ ಆದಮೇಲೆ ನಾನು ಹೋದದ್ದು ಅದೇ ಮೊದಲು. ಸಾಗರದಿಂದ ಬಂದ ಬಸ್ಸು ನೀರಿನ ಮೇಲೆ ನಿಲ್ಲದೆ ಹೋಯಿತು. ನಾನು ಅಭ್ಯಾಸಬಲದಿಂದ ಚೀಲ ಹೆಗಲಿಗೇರಿಸಿ ಇಳಿಯಲು ತಯಾರಾಗಿದ್ದೆ. ಮುಳುಗುವುದನ್ನು ನೋಡಲು ಜನ ಹೋಗುವುದು ಸರಿಯೇ ದೊಡ್ಡಮ್ಮ ಎಂದು ಕೇಳಿದೆ. ಅವಳು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಹೇಳಿದಳು: “ನಮ್ಮನೆ ಮುಳುಗುವಾಗ್ಲೂ ಬಂದಿದ್ರಲ್ಲ ನೆಂಟ್ರೆಲ್ಲ. ತೀರ್ಥಹಳ್ಳಿ ಕಡೆಯಿಂದ್ಲೂ ಬಂದಿದ್ರು. ಬಂದೋರು ಸುಮ್ನೆ ನೋಡ್ಕಂಡು ಹೋಗ್ಲಿಲ್ಲ. ಬಾಗ್ಲು ಕಿತ್ರು, ಹೆಂಚಿಳಿಸಿದ್ರು, ಒಂದೊಂದು ಹೊರೆ ಹೊತ್ಕಂಡು ದಿಬ್ಬ ಹತ್ತಿದ್ರು. ನಾನೂ ಒಂದು ಕೊಡಪಾನ ಹೊತ್ತಿದ್ದೆ.” ಆಗ ಅವಳಿಗೆ ಎಂಟು ವರ್ಷ. ಈಗಿನ ಮನೆಯ ಹೆಬ್ಬಾಗಿಲು ಆ ಮುಳುಗಿದ ಮನೆಯದೇ. ಚೌಕಟ್ಟಿನ ಒಂದು ಮೂಲೆ ಸ್ವಲ್ಪ ಸೀಳಿದೆ, ಹೊರುವಾಗ ಬಿದ್ದದ್ದಂತೆ.

ಆ ಉತ್ತರ ಬಹಳ ದಿನ ನನ್ನ ಜೊತೆ ಇತ್ತು. ಮುಳುಗುವುದನ್ನು ನೋಡಲು ಬಂದದ್ದೇ ತಪ್ಪು ಎಂದು ಅವಳು ಹೇಳಲಿಲ್ಲ. ನಾನು ಹಾಗೆ ಹೇಳಿಯಾಳೆಂದು ಕಾದಿದ್ದೆ, ನಿಜ ಹೇಳಬೇಕೆಂದರೆ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು, ಟಿಕೆಟ್ ಬಿಟ್ಟು ಮನೆಯಲ್ಲೇ ಕೂತು ಒಳ್ಳೆಯವಳಾಗುತ್ತಿದ್ದೆ.

ಆದರೆ ಹೋಗದೆ ಇರುವುದೂ ಅಷ್ಟು ನಿರ್ಮಲವಲ್ಲ. 2020ರ ಮಾರ್ಚಿನಿಂದ ಜುಲೈ ಮಧ್ಯದವರೆಗೆ ಮಾಲ್ಡೀವ್ಸ್ ಪ್ರವಾಸಿಗರಿಗೆ ಬಾಗಿಲು ಹಾಕಿತ್ತು. ಬಂದವರ ದುಡ್ಡಿನಲ್ಲೇ ಮುಖ್ಯವಾಗಿ ಬದುಕುವ ದೇಶಕ್ಕೆ ಆ ನಿಶ್ಶಬ್ದ ಏನೆಂದು ಊಹಿಸಬಹುದು. 2024ರ ಜನವರಿಯಲ್ಲಿ ಲಕ್ಷದ್ವೀಪದ ನೆಪದಲ್ಲಿ ಅಲ್ಲಿನ ಕೆಲವು ಮಂತ್ರಿಗಳು ಅಸಭ್ಯವಾಗಿ ಬರೆದರು, ಇಲ್ಲಿ ‘ಮಾಲ್ಡೀವ್ಸ್ ಬಹಿಷ್ಕರಿಸಿ’ ಎಂಬ ಗದ್ದಲವಾಯಿತು. ಬುಕಿಂಗ್ ರದ್ದು ಮಾಡಿದ್ದನ್ನು ನನ್ನ ಪರಿಚಯದವರೇ ದೇಶಸೇವೆಯ ಹಾಗೆ ಹಾಕಿಕೊಂಡರು. ಆ ಮಂತ್ರಿಗಳಿಗೆ ಅದರಿಂದ ಎಷ್ಟು ತಟ್ಟಿತೋ, ನಾಲ್ಕು ಕೋಣೆಯ ಗೆಸ್ಟ್‌ಹೌಸಿನವನಿಗೆ, ದೋಣಿಯವನಿಗೆ ತಟ್ಟಿರಬೇಕು. ನಮ್ಮ ಅಣ್ಣನ ಗೂಡಂಗಡಿಯ ಲೆಕ್ಕ ಗೊತ್ತಿರುವ ನನಗೆ ಅದನ್ನು ಕಾಣದಿರಲು ಆಗುವುದಿಲ್ಲ. ಅದೇ ದೇಶಕ್ಕೆ 2014ರ ಡಿಸೆಂಬರಿನಲ್ಲಿ, ಮಾಲೆಯ ಸಿಹಿನೀರಿನ ಘಟಕಕ್ಕೆ ಬೆಂಕಿ ಬಿದ್ದು ಕುಡಿಯಲು ನೀರಿಲ್ಲದಾಗ, ಭಾರತ ವಿಮಾನದಲ್ಲೂ ಹಡಗಿನಲ್ಲೂ ನೀರು ಕಳಿಸಿತ್ತು. ದೊಡ್ಡಮ್ಮ ಹೇಳಿದ ಹೊರೆ ಎಂದರೆ ಅಂಥದ್ದಿರಬಹುದು. ಅದನ್ನು ನಾಲ್ಕು ದಿನಕ್ಕೆ ಹೋಗುವ ಮೂವರು ಹುಡುಗಿಯರು ಹೊರುವುದು ಹೇಗೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಾವು ಕಟ್ಟುವ ಹಸಿರು ತೆರಿಗೆ, 2025ರ ಜನವರಿಯಿಂದ ಸಣ್ಣ ಗೆಸ್ಟ್‌ಹೌಸಿನಲ್ಲಿ ದಿನಕ್ಕೆ ತಲಾ 6 ಡಾಲರ್, ರೆಸಾರ್ಟಿನಲ್ಲಿ 12. ಅದು ಹೊರೆಯಲ್ಲ, ರಶೀತಿ.

ಸಾಗರದವರೇ ಆದ ನಾ. ಡಿಸೋಜರ ‘ದ್ವೀಪ’ವನ್ನು ತೀರ್ಥಹಳ್ಳಿ ಸೀಮೆಯ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅದನ್ನು ಹಾಸ್ಟೆಲಿನಲ್ಲಿ ಒಟ್ಟಿಗೆ ನೋಡಿದಾಗ ಬಯಲುಸೀಮೆಯ ಗೆಳತಿಯೊಬ್ಬಳು, “ಎಷ್ಟು ಚೆನ್ನಾಗಿದೆ ನಿಮ್ಮೂರು!” ಅಂದಿದ್ದಳು. ನೀರು ಏರುತ್ತಿತ್ತು, ಮನೆಯೊಳಗಿನವರಿಗೆ ದಿಕ್ಕು ತೋಚದೆ ಹೋಗಿತ್ತು, ಅವಳಿಗೆ ಕಂಡದ್ದು ಮಳೆಯ ಹಸಿರು. ಆಗ ನಾನು ಸಿಟ್ಟು ಮಾಡಿಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವಳು ಸುಳ್ಳೇನೂ ಹೇಳಿರಲಿಲ್ಲ. ನಮ್ಮೂರು ಚೆನ್ನಾಗಿಯೇ ಇದೆ. ಸಂಜೆ ಹೊತ್ತಿಗೆ ಹಿನ್ನೀರಿನ ದಡದಲ್ಲಿ ನಿಂತರೆ ನನಗೂ ಅಜ್ಜನ ಗದ್ದೆ ನೆನಪಾಗುವ ಮೊದಲು ಬಣ್ಣವೇ ಕಾಣುವುದು. ಕಣ್ಣಿಗೆ ಚೆಂದ ಕಂಡದ್ದಕ್ಕೆ ಯಾರೂ ಕ್ಷಮೆ ಕೇಳಬೇಕಿಲ್ಲ. ನನಗೆ ತಪ್ಪು ಎನಿಸುವುದು ಅದರ ಮುಂದಿನ ಹೆಜ್ಜೆ. ನನಗೆ ಚೆಂದ ಕಂಡದ್ದು ಬದಲಾಗಬಾರದು, ಅಲ್ಲಿರುವವರ ಅವಸರಕ್ಕಿಂತ ನನ್ನ ನೋಟ ದೊಡ್ಡದು ಎಂದು ಒಳಗೊಳಗೇ ಒಪ್ಪಿಕೊಂಡುಬಿಡುವುದು. ರೀಲಿನ ಹುಡುಗ ಮಾಡಿದ್ದು ಅದನ್ನು. ರೆಸಾರ್ಟಿನ ಚಿತ್ರಗಳಲ್ಲಿ ಒಂದಾದರೂ ಮನುಷ್ಯನ ಮುಖ ಇಲ್ಲದ್ದನ್ನೇ ಆರಿಸಿ ಆರಿಸಿ ಉಳಿಸಿಟ್ಟುಕೊಂಡ ನಾನೂ ಅದನ್ನೇ ಮಾಡಿದ್ದೆ.

ಕೊನೆಗೆ ನಾವು ಮಾಫುಶಿಯಲ್ಲಿ, ಜನ ಇರುವ ದ್ವೀಪದಲ್ಲಿ, ಒಂದು ಗೆಸ್ಟ್‌ಹೌಸ್ ನೋಡಿದೆವು. ಇದನ್ನು ನೈತಿಕ ಗೆಲುವೆಂದು ಯಾರೂ ತಿಳಿಯಬೇಡಿ. ಅರ್ಧ ಕಾರಣ ದುಡ್ಡು. ರೆಸಾರ್ಟ್ ಬೇಕೆಂದ ಗೆಳತಿ ಇನ್ನೂ ಮುನಿಸಿಕೊಂಡೇ ಇದ್ದಾಳೆ. ಅಗ್ಗದ ವಿಮಾನ ಸಿಕ್ಕಿದ್ದು ಶುಕ್ರವಾರಕ್ಕೆ. ಮಾಲೆಯಿಂದ ಹೋಗುವ ಸಾರ್ವಜನಿಕ ದೋಣಿಯ ವೇಳಾಪಟ್ಟಿ ತೆಗೆದು ನೋಡುತ್ತಿದ್ದೆ. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹುಡುಕುತ್ತಿರುವ ನನ್ನ ಬೆರಳನ್ನು ಕಂಡು ನನಗೇ ಅಮ್ಮನ ನೆನಪಾಯಿತು. ಶುಕ್ರವಾರ ಆ ದೋಣಿ ಇರುವುದಿಲ್ಲ ಎಂದು ಗೊತ್ತಾಯಿತು. ಪ್ರವಾಸಿಗರಿಗೆ ಸ್ಪೀಡ್‌ಬೋಟ್ ಇದೆ, ದುಡ್ಡು ಜಾಸ್ತಿ.

ಆ ವಾರ ಫೋನಿನಲ್ಲಿ ದೊಡ್ಡಮ್ಮನಿಗೆ ಇದನ್ನು ಹೇಳಿದೆ, ನಮ್ಮ ತೊಂದರೆ ಎಂಬಂತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಹಂಗಾರೆ ಶುಕ್ರವಾರ ಅಲ್ಲಿಯೋರಿಗೆ ಯಾರಿಗಾದ್ರೂ ಹುಷಾರಿಲ್ದಿದ್ರೆ ಎಂತ ಮಾಡ್ತಾರೆ?”

ಗೆಸ್ಟ್‌ಹೌಸಿನವನಿಗೆ ಕೋಣೆಯ ವಿಚಾರ ಬರೆಯುವಾಗ ಕೊನೆಯಲ್ಲಿ ಅದನ್ನೂ ಕೇಳಿದೆ. ಇಂಥ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲವೇನೋ, ಒಂದು ದಿನ ತಡವಾಗಿ ಉತ್ತರ ಬಂತು: ದ್ವೀಪದಲ್ಲಿ ಆರೋಗ್ಯ ಕೇಂದ್ರವಿದೆ, ದೊಡ್ಡದಾದರೆ ಬೋಟಿನಲ್ಲಿ ಮಾಲೆಗೆ ಒಯ್ಯುತ್ತೇವೆ, ಕಡಲು ಒರಟಾಗಿದ್ದರೆ ಕಾಯುತ್ತೇವೆ, ನಿಮ್ಮಲ್ಲಿ ಯಾರಿಗಾದರೂ ಆರೋಗ್ಯದ ತೊಂದರೆ ಇದೆಯೇ?

ಇಲ್ಲ, ನನ್ನ ದೊಡ್ಡಮ್ಮ ಕೇಳಿದಳು ಎಂದು ಬರೆದೆ.